ಖಣ ಅಂಟಿಸಿದ ಟ್ರೇಡಿಂಗ್ ಕಾರ್ಡ್ ಬಾಗ್ತಾವ, ಪಾಕೀಟಿನ್ಯಾಗ ಕೂಡಂಗಿಲ್ಲ: ಏನ್ ಮಾಡಬೇಕ್ರಿ?

ಬಣ್ಣದಡಬ್ಬಿ, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟಿ, ಗುಳೇದಗುಡ್ಡ, ಇಳಕಲ್ ಕಡಿಯ 12 ಮಂದಿ ಕೂಡಿ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ (ಎಟಿಸಿ, ಅಂದ್ರ ಕೈಲೆ ಮಾಡಿ ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳೋ ಎರಡೂವರಿ ಗುಣಿಲೆ ಮೂರೂವರಿ ಇಂಚಿನ ಚಿತ್ರದ ಕಾರ್ಡ್) ಅದಲಿ-ಬದಲಿ ಇಟ್ಕೊಂಡೀವಿ. ವಿಷಯ ‘ನೇಯ್ಗಿ’. ಒಬ್ಬೊಬ್ಬರು 12 ಕಾರ್ಡ್ ಮಾಡೋದು: 11 ಉಳಿದವರಿಗೆ, ಒಂದು ತಮಗ. ಹಿಂಗಾಗಿ ಒಟ್ಟು 144 ಆಗ್ತಾವ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಜಲವರ್ಣದ ಹಾಳಿ ಕತ್ತರಿಸಿ, ಅದರ ಮ್ಯಾಲ ಖಣದ ತುಂಡು ಫೆವಿಕಾಲ್ ಹಚ್ಚಿ ಅಂಟಿಸಿ, ಉಳಿದ ಜಾಗದಾಗ ಚಿತ್ರ ಬರಿಯೋದು ಅಂತ ಮಾಡೀವಿ. ಬೆಳಗಾಗೂದ್ರಾಗ ಕಾರ್ಡ್ ಎಲ್ಲಾ ಸುಟ್ಟ ಹಪ್ಪಳದಂಗ ಸೊಟ್ಟ ಆಗ್ತಾವ. ಅಂಚಿನ ದಾರ ಬಿಚ್ಚತಾವ. ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳಿಯೊಳಗ ಹಾಕಾಕ ಹೋದ್ರ ಬಟ್ಟಿ ಸಿಕ್ಕೊಂಡು ನಿಲ್ತದ. ಕೆಂಪು ಖಣದ ಬಣ್ಣ ಕಾಗದಕ್ಕ ಇಳದದ.

ಮತ್ತೊಂದು ತಕರಾರು. ಹೆಚ್ಚಿಗಿ ಮಾಡಿದ ಕಾರ್ಡ್ ನೂರು ರೂಪಾಯಿಗೊಂದು ಮಾರೋಣ ಅಂತ ಒಬ್ಬರು, ಮಾರಿದ್ರ ಅದು ಎಟಿಸಿನ ಅಲ್ಲ ಅಂತ ಇನ್ನೊಬ್ಬರು. ಈ ನಿಯಮ ಎಲ್ಲಿಂದ ಬಂತು? ವಿಸಿಟಿಂಗ್ ಕಾರ್ಡ್ ಅಳತಿಯೊಳಗ ಮಾಡಿದ್ರ ನಡೀತದೇನು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಬೈಂಡಿಂಗ್ ಬೆಳಗಾವಿ

ಮದ್ಲ ಬಾಗೋದು ಯಾಕ ಅನ್ನೂದು ನೋಡ್ರಿ, ಉಪಾಯ ತಾನ ಸಿಗತದ. ಕಾಗದದ ನಾರು ನೀರು ಕುಡದ್ರ ಅಡ್ಡಕ್ಕ ಹಿಗ್ಗತದ, ಉದ್ದಕ್ಕ ಹಿಗ್ಗೂದು ಭಾಳ ಕಡಿಮಿ. ಒಂದ ಮಗ್ಗಲಿಗೆ ಫೆವಿಕಾಲ್ ಹಚ್ಚಿದ್ರ ಆ ಮಗ್ಗಲ ಹಿಗ್ಗಿ, ಒಣಗುವಾಗ ಬಟ್ಟಿ ಜೋಡಿ ಕುಗ್ಗತದ. ಹಿಂದಿನ ಮಗ್ಗಲ ಇದ್ದಲ್ಲೇ ಇರತದ. ಅದಕ್ಕ ಕಾರ್ಡ್ ಯಾವಾಗಲೂ ಬಟ್ಟಿ ಕಡೇನ ಬಾಗತದ. ಮ್ಯಾಲ ಎಷ್ಟು ವಜ್ಜಿ ಇಟ್ರೂ ತಗದ ಕೂಡಲೆ ಮತ್ತ ಬಾಗತದ, ಯಾಕಂದ್ರ ಜಗ್ಗೋದು ಒಂದ ಕಡಿಯಿಂದ ನಡದಿರತದ.

ಹಿಂದಿನ ಮಗ್ಗಲಿಗೂ ಅಷ್ಟ ಜಗ್ಗೋ ಒಂದು ಹಾಳಿ ಅಂಟಸ್ರಿ. ಪುಸ್ತಕದ ರಟ್ಟಿಗೆ ಬಟ್ಟಿ ಹಾಕಿದವರು ಒಳಗ ಕಾಗದ ಅಂಟಸೂದು ಚಂದ ಕಾಣಲಿ ಅಂತ ಅಷ್ಟ ಅಲ್ಲ, ಇದ ಕಾರಣಕ್ಕ. 80ರಿಂದ 100 ಜಿಎಸ್‌ಎಂ ಸಾದಾ ಹಾಳಿ ಸಾಕು. ಆದ್ರ ಎರಡು ಹಾಳಿಯ ಗ್ರೇನ್ (ನಾರು ಮಲಗಿದ ದಿಕ್ಕು) ಒಂದ ಕಡಿ ಇರಬೇಕು. ಗ್ರೇನ್ ನೋಡೂದು ಸರಳ: ಹಾಳಿಯನ್ನ ಹರಿಯದಂಗ, ಗೆರಿ ಬೀಳದಂಗ ಮೆಲ್ಲಕ ಬಗ್ಗಸ್ರಿ, ಮದ್ಲ ಉದ್ದಕ್ಕ, ಆಮ್ಯಾಲ ಅಡ್ಡಕ್ಕ. ಯಾವ ಕಡಿ ಸಲೀಸ ಬಗ್ಗತದೋ ಆ ಮಡಿಕಿಯ ಉದ್ದಕ್ಕ ಗ್ರೇನ್ ಅದ. ಗ್ರೇನ್ ಅಡ್ಡಾದಿಡ್ಡಿ ಆದ್ರ ಕಾರ್ಡ್ ಮೂಲಿಯಿಂದ ಮೂಲಿಗೆ ತಿರುಚತದ, ಅದನ್ನ ಸರಿ ಮಾಡಾಕ ಬರೂದಿಲ್ಲ.

ಎರಡನೇದು, ನೀವು ಕಾರ್ಡ್ ಕತ್ತರಿಸಿ ಆಮ್ಯಾಲ ಬಟ್ಟಿ ಅಂಟಸಾಕತ್ತೀರಿ. ಇದನ್ನ ತಿರುವಿ ಹಾಕ್ರಿ. ಎ4 ಹಾಳಿಗೆ ಬೇಕಾದಲ್ಲಿ ಬಟ್ಟಿ ಪಟ್ಟಿ ಅಂಟಿಸಿ, ಹಿಂದ ಕಾಗದ ಅಂಟಿಸಿ, ಪೂರಾ ಒಣಗಿದ ಮ್ಯಾಲ ಕತ್ತರಿಸ್ರಿ. ಬ್ಲೇಡ್ ಬಟ್ಟಿ ಕಾಗದ ಎರಡನ್ನೂ ಕೂಡೇ ಕೊಯ್ತದ, ಅಂಟು ಕುಡದ ದಾರ ಬಿಚ್ಚೂದಿಲ್ಲ. ಬಟ್ಟಿ ಅಂಚು ಹಿಂದಕ್ಕ ಮಡಚಬ್ಯಾಡ್ರಿ. ಮಡಚಿದಲ್ಲಿ ದಪ್ಪ ಹೆಚ್ಚಾಗತದ, ಅಗಲನೂ ಒಂದು ಮಿಲಿಮೀಟರ್ ಬೆಳೀತದ, ಕಿಸೆಯೊಳಗ ಸಿಗಬೀಳೂದು ಅಲ್ಲೇ.

ದಪ್ಪದ ಲೆಕ್ಕ: 300 ಜಿಎಸ್‌ಎಂ ಜಲವರ್ಣದ ಹಾಳಿ ಸುಮಾರು ಅರ್ಧ ಮಿಲಿಮೀಟರ್. ಬಟ್ಟಿ, ಹಿಂದಿನ ಕಾಗದ, ಅಂಟು ಸೇರಿದ್ರ 0.9ರ ಆಸುಪಾಸು ಬರತದ. ಸಾದಾ ಟಾಪ್‌ಲೋಡರ್ (ಒಂದು ಕಾರ್ಡ್ ಇಡೋ ಗಟ್ಟಿ ಪ್ಲಾಸ್ಟಿಕ್ ಕವಚ) ಹಿಡಿಯೂದೂ ಅಷ್ಟ, 35 ಪಾಯಿಂಟ್ ಅಂದ್ರ 0.89 ಮಿಲಿಮೀಟರ್. ಕಡೀ ಅಂಚಿಗೆ ಕುಂತಂಗ ಆತು. ಬಟ್ಟಿ ಹಾಕೋ ಕಾರ್ಡಿಗೆ 200 ಜಿಎಸ್‌ಎಂ ತಗೋರಿ, ಬಣ್ಣ ಅಷ್ಟ ಹಚ್ಚೂದಿದ್ರ 300.

ಅಂಟಿನ ಬಗ್ಗೆ. ಫೆವಿಕಾಲ್‌ನ ಹಂಗ ಹಚ್ಚೂದಕ್ಕಿಂತ ಮೂರು ಭಾಗಕ್ಕ ಒಂದು ಭಾಗ ನೀರು ಕೂಡಿಸಿ, ಚಪ್ಪಟಿ ಬ್ರಷ್‌ಲೆ ಕಾಗದಕ್ಕ ಮಾತ್ರ ತೆಳ್ಳಗ ಹಚ್ರಿ, ಬಟ್ಟಿಗೆ ಬ್ಯಾಡ. ಎರಡು ನಿಮಿಷ ಬಿಟ್ಟು, ಬೆರಳಿಗೆ ಜಿಗಿ ಹತ್ತೋ ಹೊತ್ತಿಗೆ ಬಟ್ಟಿ ಇಟ್ಟು ನಡಬರಕಿನಿಂದ ಅಂಚಿನ ಕಡಿ ಉಜ್ಜರಿ. ಹಸಿ ಇದ್ದಾಗ ಇಟ್ರ ಅಂಟು ನೇಯ್ಗಿಯೊಳಗ ಹಾಯ್ದು ಮ್ಯಾಲ ಬಂದು, ಒಣಗಿದ ಮ್ಯಾಲ ಹೊಳಿಯೋ ಕಲಿ ಬೀಳತದ. ಆ ಕಲಿ ಹೋಗೂದಿಲ್ಲ.

ನನ್ನ ಕೇಳಿದ್ರ ಮೈದಾ ಸರಿ, ಅಂದ್ರ ಮೈದಾ ಬೇಯಿಸಿದ ಅಂಟು, ಅದ ಮೇಲು. ಒಂದು ವಾಟಿ ಮೈದಾಕ್ಕ ಐದು ವಾಟಿ ನೀರು. ಮೈದಾ ಮದ್ಲ ತಣ್ಣೀರಾಗ ಗಂಟಿಲ್ಲದಂಗ ಕದಡಿ, ಉಳಿದ ನೀರು ಹಾಕಿ, ಸಣ್ಣ ಉರಿಯೊಳಗ ಕೈ ಬಿಡದಂಗ ತಿರುವ್ರಿ. ಬಿಳಿ ಬಣ್ಣ ಹೋಗಿ ಅರೆ ಪಾರದರ್ಶಕ ಆಗಬೇಕು, ಅಲ್ಲೀತನಕ ಬೇಯದಿದ್ರ ಒಣಗಿದ ಮ್ಯಾಲ ಪುಡಿ ಉದರತದ. ಆರಿಸಿ ಬಟ್ಟಿಯೊಳಗ ಸೋಸ್ರಿ. ಬ್ಯಾಸಗಿಯೊಳಗ ಎರಡು ದಿನದ ಮ್ಯಾಲ ಇಡಬ್ಯಾಡ್ರಿ. ಜಿರಳಿ ತಿಂತಾವ ಅಂತ ಬೈಂಡಿಂಗಿನವರು ಚಿಟಿಕಿ ಮೈಲುತುತ್ತ ಹಾಕ್ತಾರ, ಆದ್ರ ಅದು ವಿಷ, ಹಸರ ಛಾಯಾನೂ ಬಿಡತದ. ಹುಡುಗರು ಕಾರ್ಡ್ ಮಾಡೂದಿದ್ರ ಹಾಕಲೇಬ್ಯಾಡ್ರಿ, ನಾಕು ಹನಿ ಲವಂಗದ ಎಣ್ಣಿ ಸಾಕು.

ಒಣಗಸೂದು ಹಿಂಗ: ಮ್ಯಾಲ ಕೆಳಗ ಬಟರ್ ಪೇಪರ್, ಅದರ ಹೊರಗ ರದ್ದಿ ಪೇಪರ್, ಅದರ ಮ್ಯಾಲ ಸಪಾಟ ಹಲಗಿ, ನಾಕೈದು ಕೆಜಿ ವಜ್ಜಿ. ಅರ್ಧ ತಾಸಿಗೆ ಒಮ್ಮೆ ರದ್ದಿ ಬದಲಿ ಮಾಡ್ರಿ, ಆಮ್ಯಾಲ ಒಂದು ರಾತ್ರಿ ಬಿಡ್ರಿ. ಅವಸರಕ್ಕ ಬಿಸಲಾಗ ಇಟ್ರ ಮಾಡಿದ್ದೆಲ್ಲಾ ನೀರಾಗ ಹೋಮ.

ದಡಿ-ಸೆರಗು, ಇಳಕಲ್

ಅಂಟಿನ ಮಾತು ಅಣ್ಣಾರು ಹೇಳ್ಯಾರ, ನಾ ಬಟ್ಟಿ ಬಗ್ಗೆ ಅಷ್ಟ ಹೇಳ್ತೀನಿ.

ಬಣ್ಣ ಬಿಡತದೋ ಇಲ್ಲೋ ಅಂತ ಮದ್ಲ ನೋಡ್ಕೋರಿ. ಬಿಳಿ ಅರಬಿ ತೊಯಿಸಿ ಹಿಂಡಿ, ಖಣದ ಮ್ಯಾಲ ಇಟ್ಟು ಹತ್ತು ನಿಮಿಷ ಒತ್ರಿ. ಕೆಂಪು ಹತ್ತಿದ್ರ ಆ ತುಂಡಿಗೆ ನೀರಿನ ಅಂಟು ಬ್ಯಾಡ. ತಣ್ಣೀರಾಗ ಉಪ್ಪು ಹಾಕಿ ನೆನೆಸಿದ್ರ ಬಣ್ಣ ಕಟ್ಟತದ ಅನ್ನೂದು ನಂಬಬ್ಯಾಡ್ರಿ, ಮ್ಯಾಲಿನ ಸಡಿಲ ಬಣ್ಣ ತೊಳದು ಹೋಗತದ, ಅಷ್ಟ.

ಇಂಥಾ ಬಟ್ಟಿಗೆ ಒಣ ಅಂಟು ಸರಿ. ಟೇಲರ್ ಸಾಮಾನಿನ ಅಂಗಡಿಯೊಳಗ ಎರಡೂ ಕಡಿ ಅಂಟೋ ಫ್ಯೂಸಿಂಗ್ ಜಾಳಿಗಿ ಕೇಳ್ರಿ. ಬಕ್ರಂ ಕೊಟ್ರ ತಗೋಬ್ಯಾಡ್ರಿ, ಅದು ಒಂದ ಕಡಿ ಅಂಟೂದು. ಕಾಗದ, ಜಾಳಿಗಿ, ಬಟ್ಟಿ ಹಿಂಗ ಇಟ್ಟು, ಮ್ಯಾಲ ಹತ್ತಿ ಅರಬಿ ಹಾಕಿ, ಉಗಿ ಇಲ್ಲದ ನಡು ಬಿಸಿ ಇಸ್ತ್ರಿಲೆ ಎಂಟ್ಹತ್ತು ಸೆಕೆಂಡು ಒತ್ರಿ. ಎಳಿಬ್ಯಾಡ್ರಿ, ಎತ್ತಿ ಎತ್ತಿ ಇಡ್ರಿ. ನೀರಿಲ್ಲ ಅಂದ್ರ ಬಾಗೂದೂ ಕಡಿಮಿ.

ಬಟ್ಟಿ ಯಾವುದು ಅಂತ ಗೊತ್ತಿಲ್ಲಂದ್ರ ಒಂದು ದಾರ ಕಿತ್ತು ಸುಡ್ರಿ. ಹತ್ತಿಯಾದ್ರ ಕಾಗದ ಸುಟ್ಟ ವಾಸನಿ, ಬೂದಿ. ರೇಷ್ಮಿ ಆದ್ರ ಕೂದಲ ಸುಟ್ಟ ವಾಸನಿ. ಕರಗಿ ಗುಂಡಾದ್ರ ಪಾಲಿಸ್ಟರ್. ಪಾಲಿಸ್ಟರಿಗೆ ಮೈದಾ ಸರಿ ಹಿಡಿಯೂದಿಲ್ಲ, ಇಸ್ತ್ರಿ ಬಿಸಿನೂ ಇಳಿಸಬೇಕು.

ಎರಡೂವರಿ ಇಂಚಿನ ಕಾರ್ಡಿನ್ಯಾಗ ದೊಡ್ಡ ಹೂವಿನ ಖಣ ಹಾಕಿದ್ರ ಅರ್ಧ ಹೂವು ಅಷ್ಟ ಕಾಣತದ. ಸಣ್ಣ ಚಿಕ್ಕಿ ಖಣ ಆರಸ್ರಿ, ಸಾಲು ಸೊಟ್ಟ ಆಗದಂಗ ಎಳಿ ನೋಡಿ ಕತ್ತರಿಸ್ರಿ. ಇಳಕಲ್ ಸೀರಿ ಬಳಸೂದಿದ್ರ ದಡಿ ಪಟ್ಟಿ ಚಲೋ ಕೂಡತದ, ಟೋಪು ತೆನಿ ಸೆರಗು ಈ ಅಳತಿಗೆ ದೊಡ್ಡದಾತು. ಮತ್ತ, ಚಲೋ ಹಳೀ ಸೀರಿ ಕಾರ್ಡಿನ ಸಲುವಾಗಿ ಹರೀಬ್ಯಾಡ್ರೆವ್ವಾ! ಟೇಲರ್ ಹತ್ತಿರ ಚೂರು ಸಿಗತಾವ.

ಹಳೆಕಾಗದ, ಬೆಳಗಾವಿ

ನಿಯಮದ ಬಗ್ಗೆ ಕೇಳಿದ್ದೀರಿ. ಎಟಿಸಿ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿದವರು ಸ್ವಿಟ್ಜರ್ಲೆಂಡಿನ ಕಲಾವಿದ ಎಂ. ವ್ಯಾಂಚಿ ಸ್ಟಿರ್ನೆಮನ್. ಕೈಯಿಂದ ಮಾಡಿದ 1200 ಕಾರ್ಡ್‌ಗಳನ್ನು ಅವರು 1997ರಲ್ಲಿ ಜ್ಯೂರಿಕ್‌ನ ತಮ್ಮ ಪುಸ್ತಕದಂಗಡಿಯಲ್ಲಿ ಪ್ರದರ್ಶಿಸಿದರು. ಕಾರ್ಡ್ ಬೇಕೆಂದವರಿಗೆ ಅವರಿಟ್ಟ ಷರತ್ತು ಒಂದೇ: ನೀವೂ ಅದೇ ಅಳತೆಯಲ್ಲಿ ಒಂದು ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ. ಆ ಪ್ರದರ್ಶನದ ಕೊನೆಯಲ್ಲಿಯೇ ಮೊದಲ ವಿನಿಮಯ ನಡೆಯಿತು. ಅದೇ ವರ್ಷ ಡಾನ್ ಮೇಬಿ ಎಂಬ ಕಲಾವಿದ (ಚಕ್ ಸ್ಟೇಕ್ ಅವರ ಕಲಾನಾಮ) ಇದನ್ನು ಕೆನಡಾದ ಕ್ಯಾಲ್ಗರಿಗೆ ಒಯ್ದರು. ಅಲ್ಲಿಂದ ಹಬ್ಬಿತು.

ಎರಡೂವರೆ ಗುಣಿಲೆ ಮೂರೂವರೆ ಇಂಚು, ಅಂದರೆ 64 ಗುಣಿಲೆ 89 ಮಿಲಿಮೀಟರ್ ಎಂಬ ಅಳತೆ ಅಮೆರಿಕ, ಕೆನಡಾದ ಆಟಗಾರರ ಕಾರ್ಡ್‌ಗಳದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗರೇಟ್ ಪೊಟ್ಟಣ ಮಡಚದಂತೆ ಒಳಗೆ ಇಡುತ್ತಿದ್ದ ಗಟ್ಟಿ ಚೀಟಿಯ ಮೇಲೆ ಚಿತ್ರ ಅಚ್ಚು ಹಾಕುವುದು ಶುರುವಾಯಿತು. ಜನ ಸಿಗರೇಟಿಗಿಂತ ಚಿತ್ರಕ್ಕೆ ಬಿದ್ದರು. ಮುಂದೆ ಟಾಪ್ಸ್ ಕಂಪನಿ ತನ್ನ ಬೇಸ್‌ಬಾಲ್ ಕಾರ್ಡನ್ನು 1957ರಲ್ಲಿ ಈ ಅಳತೆಗೆ ಇಳಿಸಿತು, ಉಳಿದವರೂ ಅದನ್ನೇ ಹಿಡಿದರು. ಅಂಗಡಿಯಲ್ಲಿ ಸಿಗುವ ಕಿಸೆಹಾಳೆ, ತೋಳು (ಒಂದೇ ಕಾರ್ಡ್ ಹಿಡಿಯುವ ತೆಳು ಪ್ಲಾಸ್ಟಿಕ್ ಚೀಲ), ಡಬ್ಬಿ ಎಲ್ಲವೂ ಈ ಅಳತೆಗೇ ಇರುವುದು ಅದಕ್ಕೇ. ವಿಸಿಟಿಂಗ್ ಕಾರ್ಡ್ ಗಾತ್ರದ್ದು ಕಿಸೆಯೊಳಗೆ ಅಲುಗಾಡುತ್ತದೆ, ಹೊರಗಿನ ಯಾವ ಗುಂಪಿನೊಂದಿಗೂ ಬದಲಿಗೆ ಬರುವುದಿಲ್ಲ. ಅಳತೆ ಬಿಟ್ಟುಕೊಡಬೇಡಿ. ಮಾಧ್ಯಮ ಏನಾದರೂ ಇರಲಿ.

ಕೈಬದಲಿ ಮಾಡುವ ಮನೋಭಾವ ಮಾತ್ರ ಅದಕ್ಕಿಂತ ಹಳೆಯದು. ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಸುತ್ತ ಬೆಳೆದ, ಕಲೆಯನ್ನು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಅಂಚೆ ಕಲೆಯಲ್ಲೂ ದುಡ್ಡು, ಗ್ಯಾಲರಿ, ತೀರ್ಪುಗಾರರು ಇರಲಿಲ್ಲ. ಎಟಿಸಿಯವರು ಅಂಚೆಯ ಜಾಗದಲ್ಲಿ ಎದುರುಬದುರು ಕೂತು ಬದಲಾಯಿಸುವುದನ್ನು ತಂದರು. ಯಾರ ಕಾರ್ಡಿಗೂ ಬೆಲೆ ಕಟ್ಟುವಂತಿಲ್ಲ, ಹಾಗಾಗಿ ಹೊಸಬರ ಕಾರ್ಡಿಗೆ ನುರಿತವರ ಕಾರ್ಡ್ ಸಿಗುತ್ತದೆ. ಮಾರಾಟ ಬಂದ ಕೂಡಲೇ ಈ ಸಮಪಾಲು ಮುರಿಯುತ್ತದೆ, ವಿರೋಧ ಇರುವುದು ಅದಕ್ಕೆ.

ಮಾರುವವರಿಗೂ ದಾರಿ ಇದೆ. 2000ರ ದಶಕದಲ್ಲಿ ಇ-ಬೇಯಲ್ಲಿ ಇದೇ ಅಳತೆಯ ಚಿತ್ರಗಳ ಮಾರಾಟ ಬೆಳೆದಾಗ ಅವಕ್ಕೆ ಎಸಿಇಒ (ಆರ್ಟ್ ಕಾರ್ಡ್ಸ್, ಎಡಿಷನ್ಸ್ ಆ್ಯಂಡ್ ಒರಿಜಿನಲ್ಸ್) ಎಂಬ ಬೇರೆ ಹೆಸರು ಬಂತು. ಆದ್ದರಿಂದ ಜಗಳ ಬೇಡ: 144 ಕಾರ್ಡನ್ನೂ ವಿನಿಮಯಕ್ಕೆ ಇಡಿ, ಮಾರಲು ಬೇರೆ ಕಾರ್ಡ್ ಮಾಡಿ, ಹಿಂದೆ ಎಟಿಸಿ ಎಂದು ಬರೆಯಬೇಡಿ. ಬದಲಿಯಲ್ಲಿ ಬಂದದ್ದನ್ನು ಮಾರುವುದು ಮಾತ್ರ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂಬದಿಯಲ್ಲಿ ಹೆಸರು, ಊರು, ಕಾರ್ಡಿನ ಶೀರ್ಷಿಕೆ, ತಿಂಗಳು–ವರ್ಷ, ಮಾಧ್ಯಮ ಬರೆಯಿರಿ. ಒಂದೇ ಚಿತ್ರ ಲಿನೊದಿಂದ (ಕೆತ್ತಿದ ಲಿನೋಲಿಯಂ ತುಂಡಿನಿಂದ) ಹನ್ನೆರಡು ಅಚ್ಚು ತೆಗೆದಿದ್ದರೆ 3/12 ಎಂಬಂತೆ ಅಂಕಿ. ಕೈಯಿಂದ ಒಂದೊಂದೇ ಬರೆದದ್ದಾದರೆ 1/1. ಸರಣಿಯ ಸಂಖ್ಯೆ ಮತ್ತು ಅಚ್ಚಿನ ಸಂಖ್ಯೆ ಬೆರೆಸಿಬಿಡುವುದು ಎಲ್ಲ ಕಡೆ ಕಾಣುವ ಗೊಂದಲ. ಬೈಂಡಿಂಗ್ ಅವರು ಹೇಳಿದ ಹಿಂಭಾಗದ ಕಾಗದದ ಮೇಲೆ ಇದನ್ನು ಅಂಟಿಸುವ ಮೊದಲೇ ಅಚ್ಚು ಹಾಕಿಸಿಬಿಟ್ಟರೆ ಕೆಲಸ ಉಳಿಯುತ್ತದೆ. ಇಂಕ್‌ಜೆಟ್ ಬೇಡ, ಅಂಟು ತಾಗಿದರೆ ಹರಡುತ್ತದೆ. ಲೇಸರ್ ಸರಿ.

ಕುಂಚ-ಗೋಕಾಕ

ಕೈಲೆ ಚಿತ್ರ ಬರದ ಆಟದ ಎಲಿ, ಗಂಜೀಫಾ, ನಮ್ಮದ ಅಲ್ಲೇನ್ರಿ? ಬೆಳಗಾವಿಯಿಂದ ಅಂಬೋಲಿ ಘಾಟ್ ಇಳದ್ರ ಅದನ್ನ ಮಾಡೋ ಸಾವಂತವಾಡಿ. ಜ್ಯೂರಿಕ್ ಯಾಕ, ಇದರ ಮೂಲ ಇಲ್ಲೇ ಅದ ಅಂತ ಹೇಳಬೇಕು.

ಹಳೆಕಾಗದ, ಬೆಳಗಾವಿ

ಹಾಗೆ ಹೇಳಲು ಬರುವುದಿಲ್ಲ ಸರ್. ಗಂಜೀಫಾ ಆಟದ ಎಲೆ; ದಶಾವತಾರದ ಕಟ್ಟು ಎಂದರೆ 10 ಬಣ್ಣ (ಎಲೆಗಳ ಗುಂಪು), ಬಣ್ಣಕ್ಕೆ 12, ಒಟ್ಟು 120 ಎಲೆ, ಅದರಲ್ಲಿ ಒಂದು ಕಳೆದರೂ ಆಟವಿಲ್ಲ. ಎಟಿಸಿಯಲ್ಲಿ ಒಂದೊಂದು ಕಾರ್ಡೂ ಬೇರೆ ಮನೆಗೆ ಹೋಗಲೆಂದೇ ಹುಟ್ಟಿದ್ದು. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಕಳಿಸಿದ ಮಾತು ಬಾಬರ್‌ನಾಮಾದಲ್ಲಿದೆ, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಕಟ್ಟುಗಳನ್ನೇ ರೂಪಿಸಿದರು. ಆ ಇತಿಹಾಸ ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ಜ್ಯೂರಿಕ್‌ನ ಗಂಟು ಬೇಕಿಲ್ಲ.

ಆದರೆ ಮಾಡುವ ವಿಧಾನದಿಂದ ಕಲಿಯಬಹುದು. ಸಾವಂತವಾಡಿಯಲ್ಲಿ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಬಿಳಿ ಲೇಪ ಕೊಟ್ಟು, ನುಣುಪು ಕಲ್ಲಿನಿಂದ ತಿಕ್ಕಿ, ಆಮೇಲೆ ಬಣ್ಣ, ಕೊನೆಗೆ ಅರಗು. ಇಪ್ಪತ್ತನೆಯ ಶತಮಾನದಲ್ಲಿ ನಿಂತುಹೋಗುತ್ತಿದ್ದ ಈ ಕೆಲಸವನ್ನು ಎತ್ತಿ ಹಿಡಿದವರು ಅಲ್ಲಿನ ಅರಮನೆಯ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿ. ಕಲ್ಲಿನಿಂದ ತಿಕ್ಕುವ ಆ ಹಂತವನ್ನು ಎಟಿಸಿ ಮಾಡುವವರು ಬಿಟ್ಟುಬಿಡುತ್ತಾರೆ. ಒರಟು ಹಾಳೆಯ ಮೇಲೆ ಸಣ್ಣ ಗೆರೆ ತುಂಡಾಗುತ್ತದೆ. ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ತೆಳ್ಳಗೆ ಎರಡು ಕೈ ಹಚ್ಚಿ, ಒಣಗಿದ ಮೇಲೆ 400 ನಂಬರ್ ಪಾಲೀಶ್ ಕಾಗದದಿಂದ ಹಗುರವಾಗಿ ತಿಕ್ಕಿ ನೋಡಿ. ಕುಂಚವೂ ಮೂರು ಸೊನ್ನೆಯದೇ (000 ನಂಬರಿನ ಅತಿ ಸಣ್ಣದೇ) ಬೇಕೆಂದಿಲ್ಲ. ತುದಿ ಕೂಡುವ 2 ನಂಬರ್ ಕುಂಚ ಹೆಚ್ಚು ಬಣ್ಣ ಹಿಡಿದು ಉದ್ದ ಗೆರೆ ಕೊಡುತ್ತದೆ, ಮೂರು ಸೊನ್ನೆಯದು ಅರ್ಧ ದಾರಿಗೇ ಒಣಗುತ್ತದೆ.

ತೊರವಿ-ಶಾಯಿ, ವಿಜಯಪುರ

ಈ ಕಡೆಯದೇ ಮೂಲ ಹುಡುಕುವುದಾದರೆ ಅಬ್ರಿ ನೋಡಿರಿ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತುವ ಕೆಲಸ. ಹದಿನೇಳನೆಯ ಶತಮಾನದ ಬಿಜಾಪುರದ ಕಲಾವಿದರು ಇದನ್ನು ಬರೀ ಅಂಚಿನ ಅಲಂಕಾರಕ್ಕೆ ಬಿಡದೆ ಚಿತ್ರದ ಮೈಯನ್ನೇ ಅದರಿಂದ ತುಂಬಿದರು. ಬಡಕಲು ಕುದುರೆ ಮತ್ತು ಸವಾರನ ಒಂದು ಚಿತ್ರ, ಸುಮಾರು 1625ರದ್ದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇದೆ. ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಕಾಲದ ಆಸುಪಾಸು. ‘ನೇಯ್ಗೆ’ ವಿಷಯಕ್ಕೂ ಒಗ್ಗುತ್ತದೆ, ಬಾಚಣಿಗೆ ಎಳೆದ ಅಬ್ರಿ ಎಳೆ ಎಳೆಯಾಗಿ ಕಾಣುತ್ತದೆ.

ಒಂದೊಂದೇ ಕಾರ್ಡ್ ಅದ್ದಬೇಡಿ, ಎ4 ಹಾಳೆ ಅದ್ದಿ ಆಮೇಲೆ 9 ಕಾರ್ಡ್ ಕತ್ತರಿಸಿ. ಹಾಳೆ 120 ಜಿಎಸ್‌ಎಂ ಸುತ್ತಮುತ್ತ ಇರಲಿ, ದಪ್ಪ ಹಾಳೆ ನೀರಿನ ಮೇಲೆ ಮಲಗುವುದಿಲ್ಲ. ಕಾರ್ಡಿನ ಗಟ್ಟಿತನಕ್ಕೆ ಆಮೇಲೆ ಹಿಂದೆ ಅಂಟಿಸಿದರಾಯಿತು.

ಮೊದಲು ಹಾಳೆಗೆ ತುರಟಿ (ಪಟಿಕ). ಅರ್ಧ ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ ತುರಟಿ ಪುಡಿ ಕರಗಿಸಿ, ಆರಿದ ಮೇಲೆ ಸ್ಪಂಜಿನಿಂದ ಒಂದೇ ದಿಕ್ಕಿಗೆ ಹಚ್ಚಿ ಒಣಗಿಸಿ. ಹಚ್ಚಿದ ಬದಿಗೆ ಪೆನ್ಸಿಲ್ ಗುರುತು ಮಾಡಿ. ತುರಟಿ ತಾಗದ ಜಾಗದಲ್ಲಿ ಬಣ್ಣ ನಿಲ್ಲದೆ ಜಾರಿ ಹೋಗುತ್ತದೆ. ಹಾಗಂತ ಹೆಚ್ಚು ಹಾಕಿದರೆ ಕಾಗದ ಆಮ್ಲಕ್ಕೆ ತಿರುಗಿ ವರ್ಷಗಳಲ್ಲಿ ಪುಡಿಯಾಗುತ್ತದೆ. ಅಂದು ಹಚ್ಚಿದ್ದನ್ನು ಅಂದೇ ಬಳಸಿ.

ನೀರಿಗೆ ಜಿಗುಟು ಬೇಕು. ಹಳೆಯ ವಿಧಾನದಲ್ಲಿ ಮೆಂತ್ಯೆಯ ಲೋಳೆ. ನೆನೆಸಿ, ಅರೆಯದೆ, ಸೋಸಿ ತೆಗೆಯಬೇಕು, ಅರೆದರೆ ಕಣ ಉಳಿದು ಬಣ್ಣದಲ್ಲಿ ಚುಕ್ಕೆ ಬೀಳುತ್ತದೆ. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಪುಡಿ ಸಿಕ್ಕರೆ ಲೀಟರಿಗೆ 5ರಿಂದ 7 ಗ್ರಾಂ, ಮಿಕ್ಸರಿಗೆ ಹಾಕಿ, ನೊರೆ ಅಡಗಲು ಒಂದು ರಾತ್ರಿ ಬಿಡಿ. ಟ್ರೇಯಲ್ಲಿ ಒಂದೂವರೆ ಇಂಚು ಆಳ ಇದ್ದರೆ ಸಾಕು. ಪ್ರತಿ ಸಲ ಬಣ್ಣ ಹಾಕುವ ಮೊದಲು ರದ್ದಿ ಪೇಪರ್ ಪಟ್ಟಿಯಿಂದ ಮೇಲ್ಮೈ ಎಳೆದು ಕೆನೆ ತೆಗೆಯಿರಿ. ಆಕ್ರಿಲಿಕ್ ಬಣ್ಣ ಹಾಲಿನ ಹದಕ್ಕೆ ತೆಳು ಮಾಡಿ ಹನಿಸಿ. ಹನಿ ಮುಳುಗಿದರೆ ಬಣ್ಣ ದಪ್ಪವಾಗಿದೆ, ಮಿತಿಮೀರಿ ಹರಡಿ ಮಸುಕಾದರೆ ತೆಳುವಾಗಿದೆ. ಅಂಚು ಹಲ್ಲುಹಲ್ಲಾಗಿ ಹರಿದರೆ ನೀರು ತಣ್ಣಗಿದೆ ಅಥವಾ ಕೆನೆ ಕಟ್ಟಿದೆ.

ಹಾಳೆಯನ್ನು ಎದುರುಬದುರು ಮೂಲೆ ಹಿಡಿದು, ನಡುವೆ ಮೊದಲು ತಾಗಿಸಿ, ತಡೆಯದೆ ಇಳಿಸಿ. ತಡೆದರೆ ಅಲ್ಲಿ ಗೆರೆ, ಗಾಳಿ ಸಿಕ್ಕರೆ ಬಿಳಿ ಕಲೆ. ಎತ್ತಿದ ಕೂಡಲೇ ತಣ್ಣೀರು ಮೆಲ್ಲಗೆ ಹನಿಸಿ ಜಿಗುಟು ತೊಳೆಯಿರಿ.

ಬಿಜಾಪುರದವರ ಹಾಗೆ ಆಕೃತಿಯ ಒಳಗೆ ಮಾತ್ರ ಅಬ್ರಿ ಬೇಕಾದರೆ, ಬೇಡದ ಜಾಗಕ್ಕೆ ಗೋಂದು ಬಳಿದು ಒಣಗಿಸಿ ಅದ್ದಿ. ತೊಳೆಯುವಾಗ ಗೋಂದು ಕರಗಿ ಮೇಲಿನ ಬಣ್ಣವನ್ನೂ ಒಯ್ಯುತ್ತದೆ. ಗೋಂದು ತೆಳುವಾದರೆ ಅಂಚು ಕದಡುತ್ತದೆ.

ಬಣ್ಣದಡಬ್ಬಿ, ಬಾಗಲಕೋಟೆ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಇನ್ನೆರಡು ಸಂಶೆ ಅದಾವ. 144 ಕಾರ್ಡಿಗೆ ಎಷ್ಟು ಹಾಳಿ ತರಬೇಕು? ಮತ್ತ ಆಕ್ರಿಲಿಕ್ ಕಾರ್ಡ್ ಪ್ಲಾಸ್ಟಿಕ್‌ಗೆ ಹತ್ತಿ ಬಣ್ಣ ಕೀಳತಾವ, ಅದಕ್ಕೇನು?

ಬೈಂಡಿಂಗ್ ಬೆಳಗಾವಿ

22 ಗುಣಿಲೆ 30 ಇಂಚಿನ ಪೂರ್ಣ ಹಾಳಿಯೊಳಗ 30ರ ಬದಿಗೆ ಎರಡೂವರಿ ಇಂಚಿನವು 12, 22ರ ಬದಿಗೆ ಮೂರೂವರಿ ಇಂಚಿನವು 6, ಒಟ್ಟು 72. ಕಾಗದದ ಮ್ಯಾಲ ಎರಡು ಹಾಳಿಗೆ 144 ಕೂಡತಾವ. ಆದ್ರ 30ರ ಬದಿಯೊಳಗ ಒಂದು ಕೂದಲೆಳಿನೂ ಉಳಿಯೂದಿಲ್ಲ. ಕೈಕಾಗದದ ಅಂಚು ಹರಿದಂಗ ಇದ್ರ 11 ಅಷ್ಟ ಬರತಾವ, ಹಾಳಿಗೆ 66. ಹಂಗಾಗಿ ಮೂರು ತರ್ರಿ, ಕೆಟ್ಟವಕ್ಕೂ ಆಗತದ. ಎ4 ಆದ್ರ ಹಾಳಿಗೆ 9, ಒಟ್ಟು 16. ಎ3 ಆದ್ರ ಅಡ್ಡ ಹಾಕ್ರಿ, 18 ಕೂಡತಾವ. ಸೀದಾ ಹಾಕಿದ್ರ 16ಕ್ಕ ನಿಲ್ತದ.

ಲಗ್ನಪತ್ರಿಕಿ ಪ್ರೆಸ್ಸಿನ ಕಟಿಂಗ್ ಮಶೀನಿಗೆ ಒಯ್ದ್ರ ಒಂದು ಮಾತು: ಗಟ್ಟಿನ ದಪ್ಪ ಕಡಿಮಿ ಇಡಾಕ ಹೇಳ್ರಿ. ದಪ್ಪ ಗಟ್ಟಿನ್ಯಾಗ ಬ್ಲೇಡ್ ಹೊರಳಿ ಮ್ಯಾಲಿನ ಹಾಳಿಗೂ ಕೆಳಗಿನ ಹಾಳಿಗೂ ಒಂದು ಮಿಲಿಮೀಟರ್ ಫರಕ ಬೀಳತದ, ಕಿಸೆಗೆ ಅಷ್ಟ ಸಾಕು ಕಾಡಾಕ. ಬಟ್ಟಿ ಅಂಟಿಸಿದ್ದು, ಉಬ್ಬು ಇದ್ದದ್ದು ಮಶೀನಿಗೆ ಕೊಡಬ್ಯಾಡ್ರಿ, ಒತ್ತೋ ಹಲಗಿ ಉಬ್ಬು ಚಪ್ಪಟಿ ಮಾಡತದ. ಅವನ್ನ ಸ್ಟೀಲ್ ಪಟ್ಟಿ ಇಟ್ಟು ಹೊಸಾ ಬ್ಲೇಡಿನ್ಯಾಗ ಎರಡ್ಮೂರು ಹಗುರ ಎಳತದಾಗ ಕೊಯ್ರಿ. ಅಳತಿಗೆ ಪೋಕರ್ ಗಾತ್ರದ ಇಸ್ಪೀಟ್ ಎಲಿ ಇಟ್ರೂ ನಡೀತದ. ಸಣ್ಣ ಅಗಲದ ಬ್ರಿಜ್ ಎಲಿ ಬ್ಯಾಡ, ಅದು ಕಾಲಿಂಚು ಕಡಿಮಿ.

ಪ್ಲಾಸ್ಟಿಕ್‌ಗೆ ಹತ್ತೂದು ಎರಡು ಕಾರಣಕ್ಕ. ಆಕ್ರಿಲಿಕ್ ಮುಟ್ಟಾಕ ಒಣಗಿದಂಗ ಇದ್ರೂ ಒಳಗ ಹಸಿ ಇರತದ, ಬ್ಯಾಸಗಿ ಶಕಿಗೆ ಮತ್ತ ಮೆತ್ತಗ ಆಗತದ. ಸೋವಿ ಪಿವಿಸಿ ಹಾಳಿ ತನ್ನೊಳಗಿನ ಎಣ್ಣಿಯಂಥಾದ್ದು ಬಿಟ್ಟು ಬಣ್ಣ ಕರಗಸತದ. ವಾಸನಿ ಜೋರ ಇದ್ರ ಪಿವಿಸಿ ಅಂತ ತಿಳಕೋರಿ, ಪಾಲಿಪ್ರೊಪಿಲೀನ್ ಕೇಳಿ ತಗೋರಿ. ಬಣ್ಣ ಹಚ್ಚಿದ ಮ್ಯಾಲ ಕಮ್ಮಿ ಅಂದ್ರ ನಾಕು ದಿನ ಬಿಡ್ರಿ, ದಪ್ಪ ಹಚ್ಚಿದ್ರ ಹೆಚ್ಚು. ಆಯಿಲ್ ಪೇಸ್ಟಲ್ ಎಂದೂ ಒಣಗೂದಿಲ್ಲ, ಅದನ್ನ ಈ ಕಾರ್ಡಿಗೆ ತರಲೇಬ್ಯಾಡ್ರಿ.

ಅಂಚಿಯೊಳಗ ಕಳಸೂದಿದ್ರ ಒಂದೊಂದು ಕಾರ್ಡ್ ತೋಳಿಗೆ ಹಾಕಿ, ಎರಡು ರಟ್ಟಿನ ನಡು ಇಟ್ಟು, ರಟ್ಟಿಗೆ ರಟ್ಟು ಟೇಪ್ ಹಚ್ರಿ, ತೋಳಿಗೆ ಹಚ್ಚಬ್ಯಾಡ್ರಿ. ಸ್ಟೇಪಲ್ ಪಿನ್ ಹೊಡೀಬ್ಯಾಡ್ರಿ, ಅಂಚಿ ಮುದ್ರಿ ಬೀಳುವಾಗ ಅದ ಕಾರ್ಡಿಗೆ ಒತ್ತತದ.

ದಡಿ-ಸೆರಗು, ಇಳಕಲ್

ಖಣದ ಕಾರ್ಡ್ ಒಂದರ ಮ್ಯಾಲ ಒಂದು ಇಡುವಾಗ ನಡುವ ಬಟರ್ ಪೇಪರ್ ಹಾಕ್ರಿ, ಕೆಂಪು ಖಣ ಇದ್ರಂತೂ ಎರಡು.